ಹಿತ್ತಲ ಬಾವಿಯೂ ಮನೆಯ ನಳವೂ

ಹಾನಗಲ್ಲಿನಲ್ಲಾಗಲಿ ಸವಣೂರಿನಲ್ಲಾಗಲಿ ಹಳೆಯ ಮನೆಯೊಂದರ ಹಿತ್ತಲಿಗೆ ಹೋದರೆ ಅಲ್ಲಿ ಕಲ್ಲಿನಿಂದ ಕಟ್ಟಿದ ಬಾವಿಯೊಂದು ಕಾಣಸಿಗುವುದು ಅಪರೂಪವಲ್ಲ. ಕಟ್ಟೆಯ ಕಲ್ಲುಗಳ ಮೇಲೆ ಹಗ್ಗವು ತಲೆಮಾರುಗಳ ಕಾಲ ಉಜ್ಜಿ ಮೂಡಿಸಿದ ಗೀರುಗಳಿರುತ್ತವೆ. ಗಾಲಿಯನ್ನು ತೂಗುಹಾಕುತ್ತಿದ್ದ ಅಡ್ಡತೊಲೆಯೂ ಉಳಿದಿರುತ್ತದೆ. ಆದರೆ ಹಗ್ಗವಿಲ್ಲ, ಕೊಡವಿಲ್ಲ. ಅವುಗಳಿಗೆ ಪ್ರತಿಯಾಗಿ ಕಟ್ಟೆಯ ಬದಿಯಲ್ಲಿ ವಿದ್ಯುತ್ ಪಂಪು, ಮಾಳಿಗೆಯ ಮೇಲೆ ಕರಿಯ ಪ್ಲಾಸ್ಟಿಕ್ಕಿನ ಟಾಕಿ, ಅಲ್ಲಿಂದ ಅಡಿಗೆಮನೆಗೂ ಬಚ್ಚಲಿಗೂ ಇಳಿದು ಬರುವ ನಳಗಳು.

ಮಳೆಗಾಲ ಮುಗಿದ ಹೊಸದರಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಚೈತ್ರ ಬಂದಿತೆಂದರೆ ತೊಂದರೆ ಮೊದಲಾಗುತ್ತದೆ. ಪಂಪು ಗಂಟೆಗಟ್ಟಲೆ ಸದ್ದುಮಾಡುತ್ತದೆ, ಟಾಕಿ ತುಂಬುವುದಿಲ್ಲ. ಇತ್ತ ಹೊಸದಾಗಿ ಕಟ್ಟಿಸಿದ ಮೇಲುಮನೆಯ ಬಚ್ಚಲಲ್ಲಿ ಶವರಿನಿಂದ ನೀರು ಸುರಿಯದೆ ತೊಟ್ಟಿಕ್ಕುತ್ತದೆ. ಆಗ ಮನೆಯವರೆಲ್ಲರೂ ಸೇರಿ ಮಾಡುವ ತೀರ್ಮಾನ ಸಾಮಾನ್ಯವಾಗಿ ಒಂದೇ: ಅರ್ಧ ಅಶ್ವಶಕ್ತಿಯ ಪಂಪನ್ನು ತೆಗೆದು ಒಂದು ಅಶ್ವಶಕ್ತಿಯದನ್ನು ಹಾಕಿಸೋಣ! ಈ ತೀರ್ಮಾನವು ಬಹುಮಟ್ಟಿಗೆ ತಪ್ಪು. ಅದೇಕೆಂಬುದನ್ನು ತಿಳಿಯಲು ನಳದ ಬಾಯಲ್ಲಿ ನೀರಿಗಿರುವ ಒತ್ತಡವು ಎಲ್ಲಿಂದ ಬರುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ನೋಡಬೇಕು.

ಒಂದು ಚದರ ಸೆಂಟಿಮೀಟರು ಅಡಿಯುಳ್ಳ, ೧೦ ಮೀಟರು ಎತ್ತರದ ನೀರಿನ ಕಂಬವೊಂದನ್ನು ಊಹಿಸಿಕೊಳ್ಳಿರಿ. ಅದರಲ್ಲಿ ೧,೦೦೦ ಘನ ಸೆಂಟಿಮೀಟರು ನೀರಿರುತ್ತದೆ; ಅದರ ತೂಕ ೧ ಕಿಲೋಗ್ರಾಂ. ಈ ತೂಕವೆಲ್ಲವೂ ಆ ಅಡಿಯ ಮೇಲೆ ಬೀಳುತ್ತದೆ. ಆದುದರಿಂದ ೧೦ ಮೀಟರು ಎತ್ತರದ ನೀರು ಎಂದರೆ ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ ಒತ್ತಡ. ಇಲ್ಲಿ ಕಂಬದ ದಪ್ಪಕ್ಕೆ ಬೆಲೆಯಿಲ್ಲ, ಎತ್ತರಕ್ಕಷ್ಟೇ ಬೆಲೆ. ಫ್ಲೆಮಿಷ್ ಗಣಿತಜ್ಞನಾದ ಸೈಮನ್ ಸ್ಟೆವಿನ್ ಇದನ್ನು ೧೫೮೬ರಲ್ಲಿಯೇ ತೋರಿಸಿಕೊಟ್ಟನು. ೫೦೦ ಲೀಟರಿನ ಟಾಕಿಗೆ ಬದಲಾಗಿ ೨,೦೦೦ ಲೀಟರಿನದನ್ನು ಅದೇ ಜಾಗದಲ್ಲಿಟ್ಟರೆ ನೀರು ಹೆಚ್ಚು ಹೊತ್ತು ಬರುವುದೇ ಹೊರತು ಹೆಚ್ಚು ರಭಸದಿಂದ ಬಾರದು.

ಕೆಳಮನೆಯ ನಳವು ಟಾಕಿಯಿಂದ ಮೂರೂವರೆ ಮೀಟರು ಕೆಳಗಿದೆಯೆನ್ನೋಣ. ಬಕೆಟು ತುಂಬಲು ಈ ಒತ್ತಡ ಸಾಕು. ಮೇಲುಮನೆಯ ಶವರಾದರೋ ಟಾಕಿಯ ಅಡಿಯಿಂದ ಹೆಚ್ಚೆಂದರೆ ಒಂದು ಮೀಟರು ಇಪ್ಪತ್ತು ಸೆಂಟಿಮೀಟರು ಕೆಳಗಿರುತ್ತದೆ. ನೂರು ಸಣ್ಣ ರಂಧ್ರಗಳ ಮೂಲಕ ನೀರನ್ನು ನೂಕಲು ಅಷ್ಟು ಸಾಲದು. ಬಾವಿಯ ಬಳಿ ಎಷ್ಟು ದೊಡ್ಡ ಪಂಪನ್ನಿಟ್ಟರೂ ಟಾಕಿಗೆ ಬಿದ್ದ ನೀರು ತಾನು ಬಂದ ರಭಸವನ್ನು ಮರೆತುಬಿಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಗೊತ್ತಿರುವುದು ತನ್ನ ಎತ್ತರವೊಂದೇ.

ಒತ್ತಡ ಕಡಿಮೆಯಾಗುವುದೊಂದೇ ತೊಂದರೆಯೆಂದು ತಿಳಿಯಬಾರದು. ವಿಜಯಪುರದ ಆದಿಲಶಾಹಿ ಅರಸರಿಗೆ ಇದಕ್ಕೆ ವಿರುದ್ಧವಾದ ಚಿಂತೆಯಿತ್ತು. ತೊರವಿಯ ಕಡೆಯಿಂದಲೂ, ಮುಹಮ್ಮದ ಆದಿಲಶಹನು ೧೬೫೧ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ಒತ್ತಡ ಹೆಚ್ಚಿದರೆ ಸುಟ್ಟ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕಾಗಿ ದಾರಿಯುದ್ದಕ್ಕೂ ೨೫ರಿಂದ ೪೦ ಅಡಿ ಎತ್ತರದ ಗೋಪುರಗಳನ್ನು ಕಟ್ಟಿ, ನೀರು ಅವುಗಳೊಳಗೆ ಏರಿ ಇಳಿದು ಒತ್ತಡವನ್ನು ಕಳೆದುಕೊಳ್ಳುವಂತೆ ಮಾಡಿದ್ದರು. ಕೆಸರೂ ಅಲ್ಲಿಯೇ ತಂಗುತ್ತಿತ್ತು. ಆ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಅವುಗಳನ್ನು ಕಾವಲು ಬುರುಜುಗಳೆಂದು ತಪ್ಪು ತಿಳಿಯುವ ಪ್ರವಾಸಿಕರೇ ಹೆಚ್ಚು.

ಇನ್ನು ಬಾವಿಯ ಕಡೆಗೆ ಬರೋಣ. ಕಟ್ಟೆಯ ಮೇಲೆ ಕುಳಿತ ಪಂಪು ಕೆಳಗಿನ ನೀರನ್ನು ಎಳೆದುಕೊಳ್ಳುತ್ತದೆಂದು ನಾವು ಹೇಳುತ್ತೇವೆ. ನಿಜವಾಗಿ ಅದು ಏನನ್ನೂ ಎಳೆಯುವುದಿಲ್ಲ. ತನ್ನ ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಭಾರ ಹೇರಿಕೊಂಡಿರುವ ವಾಯುಮಂಡಲವು ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಗಾಳಿಯ ಶಕ್ತಿ ಎಷ್ಟೋ ಅಷ್ಟೇ ಎತ್ತರಕ್ಕೆ ನೀರು ಏರೀತು.

ಇದು ಬೆಳಕಿಗೆ ಬಂದುದೂ ಕೆಟ್ಟ ಪಂಪೊಂದರ ದೂರಿನಿಂದಲೇ. ಸುಮಾರು ೧೮ ಮೊಳಕ್ಕಿಂತ ಮೇಲಕ್ಕೆ ಯಾವ ಪಂಪೂ ನೀರನ್ನು ಹೀರಲಾರದೆಂದು ಕೆಲಸಗಾರನೊಬ್ಬನು ಹೇಳಿದ ಸಂಗತಿಯನ್ನು ಗೆಲಿಲಿಯೋ ತನ್ನ ೧೬೩೮ರ ಗ್ರಂಥದಲ್ಲಿ ಬರೆದನು. ಆದರೆ ಕಾರಣವನ್ನು ಸರಿಯಾಗಿ ಹೇಳಲಾರದೆ ಹೋದನು. ಅವನ ಶಿಷ್ಯನಾದ ಟಾರಿಚೆಲ್ಲಿ ನೀರಿಗೆ ಬದಲಾಗಿ ಹದಿಮೂರೂವರೆ ಪಟ್ಟು ಭಾರವುಳ್ಳ ಪಾದರಸವನ್ನು ತೆಗೆದುಕೊಂಡು, ಗಾಳಿಯ ಭಾರವೇ ಕಾರಣವೆಂದು ನಿರ್ಣಯಿಸಿದನು. ೧೬೪೮ರಲ್ಲಿ ಪಾಸ್ಕಲನ ಭಾವನು ಅದೇ ಪಾದರಸದ ನಳಿಗೆಯನ್ನು ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟದ ಮೇಲಕ್ಕೆ ಹೊತ್ತೊಯ್ದಾಗ, ಮೇಲೇರಿದಂತೆ ಪಾದರಸವು ಕೆಳಗಿಳಿಯಿತು. ಎತ್ತರದಲ್ಲಿ ಗಾಳಿಯ ಭಾರ ಕಡಿಮೆ ಎಂಬುದು ಸಿದ್ಧವಾಯಿತು.

ಈ ಬೆಟ್ಟದ ಮಾತು ನಮ್ಮ ಬಾವಿಗೂ ಸಲ್ಲುತ್ತದೆ. ಸಮುದ್ರ ಮಟ್ಟದಲ್ಲಿ ವಾಯುಮಂಡಲವು ನೀರನ್ನು ೧೦.೩ ಮೀಟರು ಎತ್ತಬಲ್ಲುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇವೆಲ್ಲವೂ ಸಮುದ್ರ ಮಟ್ಟದಿಂದ ಸುಮಾರು ೫೫೦ರಿಂದ ೬೦೦ ಮೀಟರು ಎತ್ತರದ ಸೀಮೆಯಲ್ಲಿವೆ. ಇಲ್ಲಿ ಆ ಮಿತಿ ೯.೬ ಮೀಟರಿಗೆ ಇಳಿಯುತ್ತದೆ. ಬೇಸಗೆಯ ಬೆಚ್ಚನೆಯ ನೀರು ಕೊಳವೆಯೊಳಗೆ ಆವಿಯಾಗುವುದರಿಂದ ಇನ್ನೂ ಅರ್ಧ ಮೀಟರಿನಷ್ಟು ಹೋಯಿತು. ಕೊಳವೆಯ ಮತ್ತು ತಳದ ಫುಟ್‌ವಾಲ್ವಿನ ತಡೆಯನ್ನೂ ಕಳೆದರೆ ಆರೇಳು ಮೀಟರು ಮಾತ್ರ ನಂಬಿಕೆಗೆ ಅರ್ಹವಾದ ಎತ್ತರ. ಕಾರ್ತಿಕದಲ್ಲಿ ಕಟ್ಟೆಯಿಂದ ನಾಲ್ಕು ಮೀಟರು ಕೆಳಗಿದ್ದ ನೀರು ವೈಶಾಖದಲ್ಲಿ ಒಂಬತ್ತು ಮೀಟರಿಗೆ ಇಳಿದಿತೆಂದರೆ, ಅರ್ಧ ಅಶ್ವಶಕ್ತಿಯ ಪಂಪೂ ಐದು ಅಶ್ವಶಕ್ತಿಯ ಪಂಪೂ ಒಂದೇ ಸಮನಾಗಿ ಸೋಲುತ್ತವೆ. ಸೋತುದು ಪಂಪಲ್ಲ, ಗಾಳಿ.

ಆದುದರಿಂದ ಮಾಡಬೇಕಾದುದು ಪಂಪನ್ನು ದೊಡ್ಡದು ಮಾಡುವುದಲ್ಲ, ಅದನ್ನು ನೀರಿನ ಹತ್ತಿರಕ್ಕೆ ಒಯ್ಯುವುದು. ನೂಕುವುದಕ್ಕೆ ಹೀರುವುದಕ್ಕಿರುವಂತಹ ಮಿತಿಯಿಲ್ಲ. ನೀರಿನೊಳಗೇ ಮುಳುಗಿ ಕೆಲಸ ಮಾಡುವ ತೆರೆದ ಬಾವಿಯ ಸಬ್‌ಮರ್ಸಿಬಲ್ ಪಂಪು ಈ ತತ್ವವನ್ನೇ ಬಳಸಿಕೊಳ್ಳುತ್ತದೆ. ಜೆಟ್ ಪಂಪಿನದು ಮತ್ತೊಂದು ಉಪಾಯ: ಎತ್ತಿದ ನೀರಿನಲ್ಲಿ ಒಂದು ಪಾಲನ್ನು ಎರಡನೆಯ ಕೊಳವೆಯಿಂದ ಕೆಳಕ್ಕೆ ಕಳುಹಿಸಿ, ಇಕ್ಕಟ್ಟಾದ ಬಾಯಿಯ ಮೂಲಕ ಚಿಮ್ಮಿಸುತ್ತಾರೆ. ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ ಎಂಬ ಬರ್ನೂಲಿಯ (೧೭೩೮) ನಿಯಮದಂತೆ ಸುತ್ತಲಿನ ನೀರು ಅದರೊಳಕ್ಕೆ ಸೇರಿಕೊಂಡು ಮೇಲಕ್ಕೆ ತಳ್ಳಲ್ಪಡುತ್ತದೆ. ಉಪಾಯ ಚೆಲುವಾದುದೇ, ಆದರೆ ಎತ್ತಿದುದನ್ನೇ ಮತ್ತೆ ಇಳಿಸಿ ಎತ್ತುವುದರಿಂದ ವಿದ್ಯುತ್ತು ಹೆಚ್ಚು ಖರ್ಚಾಗುತ್ತದೆ. ಕಂಬಿಯಂತೆ ಕಿರಿದಾದ ಬಾವಿಯಲ್ಲದಿದ್ದರೆ ಮುಳುಗುವ ಪಂಪೇ ಲೇಸೆಂದು ನನ್ನ ಅಭಿಪ್ರಾಯ.

ನೀರು ಟಾಕಿಗೆ ಏರಿತು. ಇನ್ನು ಇಳಿಯುವ ದಾರಿಯಲ್ಲಿ ಕಳ್ಳನೊಬ್ಬನಿದ್ದಾನೆ. ಅರ್ಧ ಅಂಗುಲದ ಹಳೆಯ ಕಬ್ಬಿಣದ ಕೊಳವೆಯಲ್ಲಿ ನಿಮಿಷಕ್ಕೆ ೧೨ ಲೀಟರು ನೀರು ೨೦ ಮೀಟರು ದೂರ ಹರಿಯಬೇಕಾದರೆ ಘರ್ಷಣೆಗಾಗಿಯೇ ಸುಮಾರು ಮೂರೂವರೆ ಮೀಟರಿನಷ್ಟು ಒತ್ತಡ ವ್ಯಯವಾಗುತ್ತದೆ. ಕೆಳಮನೆಯ ನಳಕ್ಕೆ ನಾವು ಲೆಕ್ಕಹಾಕಿದ ಎತ್ತರವೆಲ್ಲವೂ ಹೋಯಿತಲ್ಲ! ಮುಕ್ಕಾಲು ಅಂಗುಲದ ಕೊಳವೆಯಲ್ಲಿ ಇದೇ ನಷ್ಟವು ಒಂದು ಮೀಟರಿಗಿಂತ ಕಡಿಮೆ. ಒಂದು ಅಂಗುಲದ್ದರಲ್ಲಿ ಮೂವತ್ತು ಸೆಂಟಿಮೀಟರನ್ನೂ ಮುಟ್ಟದು. ಒಳವ್ಯಾಸವು ಸರಿಯಾಗಿ ಇಮ್ಮಡಿಯಾದರೆ ನಷ್ಟವು ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತುಕ್ಕು ಮತ್ತು ಸುಣ್ಣ ಕಟ್ಟಿದ ಹಳೆಯ ಕೊಳವೆಯು ಹೊರಗಿನಿಂದ ಅರ್ಧ ಅಂಗುಲದ್ದಾಗಿ ಕಂಡರೂ ಒಳಗೆ ಪೆನ್ಸಿಲು ತೂರುವಷ್ಟೇ ಬಿಡುವಿರಬಹುದು. ಟಾಕಿಯಿಂದ ಇಳಿಯುವ ಮುಖ್ಯ ಕೊಳವೆಯನ್ನು ಒಂದು ಅಂಗುಲದ್ದನ್ನಾಗಿ ಮಾಡಿಸಿ, ನಳದ ಹತ್ತಿರ ಮಾತ್ರ ಅರ್ಧ ಅಂಗುಲಕ್ಕೆ ಇಳಿಸಿದರೆ ಎಷ್ಟೋ ಮನೆಗಳ ದೂರು ಅಲ್ಲಿಗೇ ತೀರುತ್ತದೆ.

ಅದೂ ಸಾಲದಾದರೆ ಟಾಕಿಯನ್ನು ಎರಡು ಮೀಟರು ಎತ್ತರಿಸಬಹುದು. ಶವರಿನ ಮೇಲಣ ಎತ್ತರವು ೧.೨ ಮೀಟರಿನಿಂದ ೩.೨ಕ್ಕೆ ಏರುತ್ತದೆ. ಹರಿವು ಎತ್ತರದ ವರ್ಗಮೂಲವನ್ನು ಅನುಸರಿಸುವುದರಿಂದ ನೀರು ಒಂದೂವರೆ ಪಟ್ಟಿಗೂ ಮಿಗಿಲಾಗಿ ಬಂದೀತು. ಇದಕ್ಕೆ ಯಂತ್ರ ಬೇಡ, ದುರಸ್ತಿ ಬೇಡ. ಆದರೆ ೧,೦೦೦ ಲೀಟರಿನ ಟಾಕಿ ತುಂಬಿದಾಗ ಒಂದು ಟನ್ನು ತೂಗುತ್ತದೆ. ಪೀಠದ ಕಾಲುಗಳು ಗೋಡೆ ಅಥವಾ ಕಂಬಗಳ ನೇರಕ್ಕೆ ನಿಲ್ಲಬೇಕೇ ಹೊರತು ಮಾಳಿಗೆಯ ನಡುವಿನಲ್ಲಲ್ಲ.

ಈಗ ಪೇಟೆಯಲ್ಲಿ ಬಹಳವಾಗಿ ಮಾರಾಟವಾಗುವ ಇನ್ನೊಂದು ಸಾಧನವಿದೆ: ಗಾಳಿ ತುಂಬಿದ ಉಕ್ಕಿನ ಒತ್ತಡದ ಟಾಕಿ. ಇದರ ಒಳಗೆ ರಬ್ಬರಿನ ಚೀಲವಿರುತ್ತದೆ. ಪಂಪು ನೀರನ್ನು ಚೀಲದೊಳಕ್ಕೆ ತುಂಬಿದಂತೆ ಹೊರಗಿನ ಗಾಳಿ ಕುಗ್ಗಿ ಬಿಗಿಯಾಗುತ್ತದೆ. ಒತ್ತಡವು ಚದರ ಸೆಂಟಿಮೀಟರಿಗೆ ೨.೮ ಕಿಲೋಗ್ರಾಮಿಗೆ ಏರಿದಾಗ ಸ್ವಿಚ್ಚು ತಾನಾಗಿಯೇ ಪಂಪನ್ನು ನಿಲ್ಲಿಸುತ್ತದೆ. ನಳ ತಿರುಗಿಸಿದಾಗ ಕುಗ್ಗಿದ ಗಾಳಿಯು ನೀರನ್ನು ಹೊರಕ್ಕೆ ನೂಕುತ್ತದೆ, ಒತ್ತಡ ೧.೪ಕ್ಕೆ ಇಳಿದಾಗ ಪಂಪು ಮತ್ತೆ ನಡೆಯುತ್ತದೆ. ಹದಿನಾಲ್ಕರಿಂದ ಇಪ್ಪತ್ತೆಂಟು ಮೀಟರು ಎತ್ತರದ ಗೋಪುರವೊಂದನ್ನು ಮೂಲೆಯಲ್ಲಿ ಕಟ್ಟಿದಂತಾಯಿತು.

ಹಾಗಾದರೆ ೧೦೦ ಲೀಟರಿನ ಇಂತಹ ಟಾಕಿಯಲ್ಲಿ, ಪಂಪು ನಿಂತ ಮೇಲೆ ಎಷ್ಟು ನೀರು ಸಿಕ್ಕೀತು? ನೂರು ಲೀಟರೆಂದು ಕೊಂಡವರು ತಿಳಿದಿರುತ್ತಾರೆ. ಬಾಯಿಲನು ೧೬೬೨ರಲ್ಲಿ ಪ್ರಕಟಿಸಿದ ನಿಯಮದಿಂದ ಲೆಕ್ಕಹಾಕೋಣ: ಉಷ್ಣತೆ ಬದಲಾಗದಿದ್ದರೆ ಅನಿಲದ ಒತ್ತಡವನ್ನೂ ಗಾತ್ರವನ್ನೂ ಗುಣಿಸಿದ ಲಬ್ಧವು ಬದಲಾಗದು. ಇಲ್ಲಿ ಮಾಪಕವು ತೋರಿಸುವ ಅಂಕೆಗೆ ಹೊರಗಿನ ಗಾಳಿಯ ಒತ್ತಡವಾದ ೦.೯೬ನ್ನು ಕೂಡಿಸಿಕೊಳ್ಳಬೇಕೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ನೀರಿಲ್ಲದಾಗ ಟಾಕಿಯಲ್ಲಿ ೧.೩ ಒತ್ತಡದ ಗಾಳಿ ತುಂಬಿದೆ. ಅಂದರೆ ನಿಜವಾದ ಒತ್ತಡ ೨.೨೬, ಗಾತ್ರ ೧೦೦ ಲೀಟರು. ಪಂಪು ಹೊರಡುವಾಗ ನಿಜವಾದ ಒತ್ತಡ ೨.೩೬, ಗಾಳಿಯ ಗಾತ್ರ ಸುಮಾರು ೯೬ ಲೀಟರು. ಪಂಪು ನಿಲ್ಲುವಾಗ ಒತ್ತಡ ೩.೭೬, ಗಾತ್ರ ೬೦ ಲೀಟರು. ಇವೆರಡರ ಅಂತರ ೩೬ ಲೀಟರು. ನಮಗೆ ದೊರೆಯುವುದು ಅಷ್ಟೇ; ನಿಮಿಷಕ್ಕೆ ೧೨ ಲೀಟರಿನಂತೆ ಮೂರು ನಿಮಿಷದ ನೀರು. ವಿದ್ಯುತ್ತು ಹೋದಾಗ ಮೈಗೆ ಸಾಬೂನು ಹಚ್ಚಿಕೊಂಡವನನ್ನು ಇದು ಕಾಪಾಡಬಹುದು, ಮನೆಯನ್ನು ಕಾಪಾಡದು. ಮಾಳಿಗೆಯ ಟಾಕಿಯನ್ನು ತೆಗೆಸಿ ಇದೊಂದನ್ನೇ ನೆಚ್ಚುವುದು ನಮ್ಮ ಊರುಗಳಲ್ಲಿ ಜಾಣತನವಲ್ಲ.

ಅದೇ ಟಾಕಿಗೆ ಮೊದಲು ಗಾಳಿಯನ್ನು ಒತ್ತಿ ತುಂಬದೆ, ಹೊರಗಿನ ಗಾಳಿಯಿಂದಲೇ ಆರಂಭಿಸಿದೆವೆಂದರೆ ಏನಾಗುತ್ತದೆ? ಆಗ ಗಾಳಿಯು ೪೧ ಲೀಟರಿನಿಂದ ೨೬ಕ್ಕೆ ಕುಗ್ಗುತ್ತದೆ. ದೊರೆಯುವ ನೀರು ೧೫ ಲೀಟರು ಮಾತ್ರ. ಚೀಲವಿಲ್ಲದ ಹಳೆಯ ಮಾದರಿಯ ಟಾಕಿಗಳು ಹೀಗೆಯೇ ಇದ್ದುವು. ಅವುಗಳಲ್ಲಿ ಗಾಳಿಯು ನೀರನ್ನು ನೇರವಾಗಿ ಮುಟ್ಟಿ ಅದರಲ್ಲಿ ಕರಗಿ, ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಕೊನೆಗೆ ಟಾಕಿಯೆಲ್ಲ ನೀರಾಗಿ, ಒಂದು ಲೋಟ ನೀರು ಹಿಡಿದರೂ ಪಂಪು ಹೊರಟು ನಿಂತು ಹೊರಟು ನಿಂತು ಮೋಟಾರಿನ ಸುರುಳಿ ಸುಡುತ್ತಿತ್ತು. ಚೀಲದ ಟಾಕಿಯಲ್ಲಿಯೂ ಗಾಳಿ ಮೆಲ್ಲನೆ ಸೋರುತ್ತದೆ. ಪಂಪು ಪದೇ ಪದೇ ಹೊರಟು ನಿಲ್ಲುತ್ತಿದೆಯೆಂದರೆ ಹೊಸ ಪಂಪಿನ ಅಂಗಡಿಗೆ ಹೋಗುವ ಮೊದಲು, ವಿದ್ಯುತ್ತನ್ನು ಆರಿಸಿ, ನಳ ಬಿಟ್ಟು ನೀರೆಲ್ಲ ಹೋದ ಮೇಲೆ ಟಾಕಿಯ ತಲೆಯ ಮೇಲಿನ ಗಾಳಿಯ ಬಾಯಿಗೆ ಮಾಪಕವನ್ನು ಒತ್ತಿ ನೋಡಬೇಕು. ಆ ಬಾಯಿ ಮೋಟಾರು ಗಾಡಿಯ ಚಕ್ರದ್ದರಂತೆಯೇ ಇರುತ್ತದೆ. ಚಕ್ರಕ್ಕೆ ಗಾಳಿ ಹೊಡೆಯುವ ಕೈಪಂಪೇ ಸಾಕು. ಪಂಪು ಹೊರಡುವ ಒತ್ತಡಕ್ಕಿಂತ ಸ್ವಲ್ಪ ಕಡಿಮೆಯಿರುವಂತೆ ಗಾಳಿ ತುಂಬಿದರೆ ರೋಗ ವಾಸಿ. ಗಾಳಿಯ ಬಾಯಿಂದ ನೀರೇ ಬಂದರೆ ಚೀಲ ಹರಿದಿದೆಯೆಂದು ತಿಳಿಯಬೇಕು.

ಒತ್ತಡಕ್ಕೆ ಬೆಲೆಯೂ ಇದೆ. ಎಂಟು ಮೀಟರು ಆಳದಿಂದ ೧,೦೦೦ ಲೀಟರು ನೀರನ್ನು ಐದು ಮೀಟರು ಎತ್ತರದ ಟಾಕಿಗೆ ಏರಿಸುವುದೆಂದರೆ ೧೩ ಮೀಟರಿನ ಕೆಲಸ. ಪಂಪು ಮೂರರಲ್ಲಿ ಒಂದು ಪಾಲು ಶಕ್ತಿಯನ್ನಷ್ಟೇ ಸದುಪಯೋಗ ಮಾಡಿತೆಂದರೂ ವಿದ್ಯುತ್ತಿನ ಹತ್ತರಲ್ಲೊಂದು ಯೂನಿಟ್ಟು ಸಾಕು. ಅದೇ ನೀರನ್ನೆಲ್ಲ ಒತ್ತಡದ ಟಾಕಿಯ ಮೂಲಕ ಹಾಯಿಸಿದರೆ ಸರಾಸರಿ ೨೧ ಮೀಟರಿನ ಒತ್ತಡಕ್ಕೆ ಬಾವಿಯ ಎಂಟು ಮೀಟರು ಸೇರಿ ೨೯ ಮೀಟರಿನ ಕೆಲಸ, ಎಂದರೆ ಹೆಚ್ಚು ಕಡಿಮೆ ಕಾಲು ಯೂನಿಟ್ಟು. ದನದ ಮೈ ತೊಳೆಯುವ ನೀರಿಗೂ, ಸವಣೂರಿನ ಎಲೆಬಳ್ಳಿಯ ಬುಡಕ್ಕೆ ಹರಿಸುವ ನೀರಿಗೂ ಶವರಿನ ಒತ್ತಡವೇಕೆ? ಅವು ಬಾವಿಯಿಂದ ನೇರವಾಗಿ ಹೋಗಲಿ. ಮನೆಯ ನೀರು ಮಾಳಿಗೆಯ ಟಾಕಿಗೆ ಬರಲಿ. ಶವರಿಗೂ ಬಟ್ಟೆ ಒಗೆಯುವ ಯಂತ್ರಕ್ಕೂ ಬೇಕೇ ಬೇಕಾದರೆ ಮಾಳಿಗೆಯ ಟಾಕಿಯ ಅಡಿಯಲ್ಲಿ ಒಂದು ಸಣ್ಣ ಒತ್ತಡದ ಪಂಪನ್ನಿಟ್ಟು ಆ ಎರಡು ಕವಲುಗಳಿಗೆ ಮಾತ್ರ ಜೋಡಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಮಾತು ಉಳಿದೇ ಇದೆ. ಬಾವಿ ಎಷ್ಟು ನೀರು ಕೊಡಬಲ್ಲುದು?

ಈ ಸೀಮೆಯ ನೆಲದಡಿ ಇರುವುದು ಬಹುಪಾಲು ಪಕ್ಕದ ಧಾರವಾಡದ ಹೆಸರನ್ನೇ ಹೊತ್ತ ಧಾರವಾಡ ಶಿಲೆಗಳು ಮತ್ತು ಅವುಗಳೊಡನೆ ನೈಸ್ ಕಲ್ಲು. ಇವು ಮರಳಿನಂತೆ ನೀರನ್ನು ಹೀರಿಟ್ಟುಕೊಳ್ಳುವ ಕಲ್ಲುಗಳಲ್ಲ. ಮೇಲಿನ ಶಿಥಿಲವಾದ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ; ಬಾವಿಯೊಳಕ್ಕೆ ಜಿನುಗುವುದು ಅಲ್ಲಿಂದಲೇ. ಪಶ್ಚಿಮದ ಹಾನಗಲ್ಲಿನ ಕಡೆ ಮಳೆ ಹೆಚ್ಚು, ಕೆರೆಗಳೂ ಹೆಚ್ಚು. ಸವಣೂರಿನತ್ತ ಹೋದಂತೆ ಮಳೆ ತೆಳುವಾಗುತ್ತದೆ. ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡಿರುವ ಹಿರೇಕೆರೂರಿನ ಸೀಮೆಯಲ್ಲಿ, ಕುಮದ್ವತಿಗೆ ಕಟ್ಟಿದ ಮದಗ ಮಾಸೂರಿನಂತಹ ಕೆರೆಗಳುಂಟು. ಕೆರೆಯಲ್ಲಿ ನೀರಿದ್ದ ವರ್ಷ ಅದರ ಕೆಳಗಿನ ಬಾವಿಗಳು ಬೇಸಗೆಯಲ್ಲಿಯೂ ಬತ್ತುವುದಿಲ್ಲವೆಂಬುದನ್ನು ಅಲ್ಲಿನ ರೈತರು ಪುಸ್ತಕ ಓದಿ ಕಲಿಯಬೇಕಾಗಿಲ್ಲ.

ಬಾವಿಯ ಶಕ್ತಿಯನ್ನು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಬೇಕಾದುದು ಗುರುತು ಹಾಕಿದ ಹಗ್ಗ, ಅದರ ತುದಿಗೊಂದು ಭಾರ, ಒಂದು ಗಡಿಯಾರ. ಬೇಸಗೆಯ ಒಂದು ಬೆಳಿಗ್ಗೆ ನೀರಿನ ಮಟ್ಟವನ್ನು ಅಳೆದುಕೊಳ್ಳಿರಿ. ಪಂಪು ನಡೆಸಿ ಮಟ್ಟವನ್ನು ಒಂದು ಮೀಟರು ಇಳಿಸಿರಿ. ಪಂಪು ನಿಲ್ಲಿಸಿ, ಒಂದು ಗಂಟೆಯಲ್ಲಿ ಎಷ್ಟು ಏರಿತೆಂದು ನೋಡಿರಿ. ಎರಡು ಮೀಟರು ವ್ಯಾಸದ ಬಾವಿಯಲ್ಲಿ ಒಂದು ಮೀಟರು ನೀರೆಂದರೆ ೩,೧೪೦ ಲೀಟರು. ಗಂಟೆಗೆ ಅರ್ಧ ಮೀಟರು ಏರಿತೆಂದರೆ ಒರತೆಯು ನಿಮಿಷಕ್ಕೆ ೨೬ ಲೀಟರು ಕೊಟ್ಟಂತೆ. ಈಗ ನಿಮಿಷಕ್ಕೆ ೬೦ ಲೀಟರು ಎತ್ತುವ ಪಂಪು ಈ ಬಾವಿಯಲ್ಲಿದೆ, ಫುಟ್‌ವಾಲ್ವಿನ ಮೇಲೆ ಎರಡು ಮೀಟರು ನೀರಿದೆ ಎನ್ನೋಣ. ನಿಮಿಷಕ್ಕೆ ೩೪ ಲೀಟರಿನ ಕೊರತೆ. ಮಟ್ಟವು ಗಂಟೆಗೆ ೬೫ ಸೆಂಟಿಮೀಟರು ಇಳಿದು, ಮೂರು ಗಂಟೆಗಳಲ್ಲಿ ಪಂಪು ಗಾಳಿ ಕುಡಿಯುತ್ತದೆ. ಅಷ್ಟರಲ್ಲಿ ಸುಮಾರು ೧೧,೦೦೦ ಲೀಟರು ದೊರೆತಿರುತ್ತದೆ. ಇಮ್ಮಡಿ ನೀರೆತ್ತುವ ಪಂಪನ್ನು ಹಾಕಿಸಿದರೆ ಒಂದು ಗಂಟೆ ಏಳು ನಿಮಿಷಕ್ಕೇ ಬಾವಿ ಬರಿದಾಗಿ, ದೊರೆಯುವುದು ೮,೦೦೦ ಲೀಟರು ಮಾತ್ರ. ಮಟ್ಟ ಇಳಿದಂತೆ ಒರತೆಯ ವೇಗ ತುಸು ಹೆಚ್ಚುವುದರಿಂದ ಇದು ಸ್ಥೂಲವಾದ ಲೆಕ್ಕವೇ; ಆದರೆ ದೊಡ್ಡ ಪಂಪು ಒಂದು ಹೊತ್ತಿಗೆ ಕಡಿಮೆ ನೀರು ಕೊಡುವುದೆಂಬುದು ಸುಳ್ಳಲ್ಲ. ಇಡೀ ದಿನದ ಒರತೆಯಂತೂ ಯಾವ ಪಂಪಿಗೂ ಬದಲಾಗದು. ಇಂತಹ ಬಾವಿಗೆ ನಿಮಿಷಕ್ಕೆ ೨೫ ಲೀಟರಿನ ಸಣ್ಣ ಪಂಪನ್ನು ದಿನಕ್ಕೆ ಎರಡು ಸಲ ನಡೆಸಿ, ಮಾಳಿಗೆಯ ಟಾಕಿಯನ್ನು ದೊಡ್ಡದು ಮಾಡುವುದೇ ಸರಿಯಾದ ಸುಧಾರಣೆ. ನೀರಿಲ್ಲದೆ ನಡೆದರೆ ಪಂಪಿನ ಒಳಗಿನ ಮುದ್ರೆಗಳು ಕಾದು ಹಾಳಾಗುವುದರಿಂದ, ಮಟ್ಟ ಇಳಿದಾಗ ತಾನಾಗಿ ವಿದ್ಯುತ್ತನ್ನು ಕಡಿಯುವ ಸ್ವಿಚ್ಚಿಗೆ ಹಣ ಹಾಕಿದರೆ ನಷ್ಟವಿಲ್ಲ.

ಬಾವಿಯಲ್ಲಿ ನೀರು ಸಾಲದೆಂದು ಕೆಲವರು ಪಂಪಿನ ಬಾಯನ್ನು ಊರಿನ ನಳದ ಕೊಳವೆಗೇ ನೇರವಾಗಿ ಜೋಡಿಸಿಬಿಡುತ್ತಾರೆ. ಓಣಿಯ ಕೊನೆಯ ಮನೆಗಳಿಗೆ ನೀರು ಹೋಗದಿರುವುದು ಇದರ ಒಂದು ಫಲ. ಎರಡನೆಯದು ಇನ್ನೂ ಕೆಟ್ಟದ್ದು. ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ತಗ್ಗಿದೊಡನೆ, ಎಂದೋ ಸಡಿಲವಾದ ಕೂಡುಗಳ ಮೂಲಕ ಅಕ್ಕಪಕ್ಕದ ಗಟಾರದ ನೀರು ಒಳಕ್ಕೆ ನುಗ್ಗುತ್ತದೆ. ವಾಂತಿಭೇದಿ ಹರಡಲು ಇಷ್ಟು ಸಾಕು. ಊರಿನ ನೀರನ್ನು ಮೊದಲು ನೆಲದ ತೊಟ್ಟಿಯೊಂದಕ್ಕೆ ತಾನಾಗಿ ಬೀಳಲು ಬಿಟ್ಟು, ಆ ತೊಟ್ಟಿಯಿಂದ ಮೇಲಕ್ಕೆ ಎತ್ತಬೇಕು.

ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಬೇಕೆಂದೆನಷ್ಟೆ. ಮನುಷ್ಯನು ಇಳಿಯಬೇಕೆಂದಲ್ಲ. ಬಹುಕಾಲ ಬಳಸದ ಆಳವಾದ ಬಾವಿಯ ತಳದಲ್ಲಿ ಇಂಗಾಲದ ಡೈಆಕ್ಸೈಡು ಶೇಖರವಾಗಿ ಉಸಿರಾಟಕ್ಕೆ ಗಾಳಿಯಿಲ್ಲದಿರಬಹುದು. ದೀಪವನ್ನು ಇಳಿಬಿಟ್ಟು ಆರಿತೇ ಎಂದು ನೋಡುವ ಹಳೆಯ ಪರೀಕ್ಷೆ ಇದಕ್ಕಾಗಿ. ಆದರೆ ಎಣ್ಣೆಯ ಎಂಜಿನನ್ನು ಬಾವಿಯೊಳಗೆ ಇಳಿಸಿ ನಡೆಸಿದ್ದರೆ ಅಲ್ಲಿ ಇಂಗಾಲದ ಮಾನಾಕ್ಸೈಡು ತುಂಬಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ದೀಪ ನಿಶ್ಚಿಂತೆಯಾಗಿ ಉರಿಯುತ್ತಿರುವಾಗಲೇ ಮನುಷ್ಯನು ಕುಸಿದು ಬೀಳಬಹುದು. ಅವನನ್ನೆತ್ತಲು ಇಳಿದ ಎರಡನೆಯವನಿಗೂ ಅದೇ ಗತಿ. ತೆರೆದ ಬಾವಿಯ ಮುಳುಗುವ ಪಂಪಿನಲ್ಲಿ ಈ ಗೊಡವೆಯೇ ಇಲ್ಲ. ಮೊದಲು ವಿದ್ಯುತ್ತನ್ನು ಕಡಿದು, ಅದರ ಕಿವಿಗೆ ಕಟ್ಟಿದ ನೈಲಾನ್ ಹಗ್ಗವನ್ನು ಗಾಲಿಯ ಮೇಲೆ ಹಾಯಿಸಿ ಕಟ್ಟೆಯಲ್ಲಿ ನಿಂತೇ ಮೇಲಕ್ಕೆ ಸೇದಿ, ಕಸ ತೆಗೆದು, ಮತ್ತೆ ಇಳಿಬಿಡಬಹುದು. ಅಜ್ಜಿಯ ಕಾಲದ ಆ ಅಡ್ಡತೊಲೆ ಗಟ್ಟಿಯಾಗಿದ್ದರೆ ಅದನ್ನೇ ಬಳಸಿಕೊಳ್ಳಬಹುದು.